ಹೆಗಲ ಮೇಲೆ ಅತ್ತೆಯ ಹಿಮ್ಮಡಿ

ಅತ್ತೆಗೆ ನೋವಿದ್ದದ್ದು ಸೊಂಟದಲ್ಲಲ್ಲ. ಸೊಂಟದಿಂದ ಅಂಗೈಯಗಲ ಕೆಳಗೆ, ಬೆನ್ನು ಮುಗಿದು ಪಿರ್ರೆ ಶುರುವಾಗುವ ಕಡೆ, ಎಡಕ್ಕೆ. ಇಷ್ಟು ಗೊತ್ತಾಗುವುದಕ್ಕೆ ನಮಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಟಿ. ನರಸೀಪುರದಲ್ಲಿ ಮೊದಲು ತೋರಿಸಿದ ಡಾಕ್ಟರು ಗಂಡಸು. ಎಲ್ಲಿ ನೋವು ಎಂದು ಅವರು ಕೇಳಿದಾಗ ಅತ್ತೆ ಸೆರಗು ಸರಿಮಾಡಿಕೊಂಡು ಸೊಂಟದ ಮೇಲೆ ಕೈಯಿಟ್ಟು 'ಇಲ್ಲೇ ಸಾ' ಎಂದಿದ್ದರಂತೆ. ಅದಕ್ಕಿಂತ ಕೆಳಗೆ ಕೈ ಒಯ್ದು ತೋರಿಸುವುದು ಅವರಿಂದ ಆಗದ ಮಾತು. ಸೊಂಟಕ್ಕೆ ಮಾತ್ರೆ ಬಂತು, ಮುಲಾಮು ಬಂತು, ಅಗಲವಾದ ಬೆಲ್ಟು ಬಂತು. ನೋವಿಲ್ಲದ ಜಾಗಕ್ಕೆ ಬೆಲ್ಟು ಬಿಗಿದುಕೊಂಡು ಅವರು ಕೊಟ್ಟಿಗೆಯ ಕೆಲಸ ಮಾಡುತ್ತಿದ್ದರು.

ಹೆಮ್ಮಿಗೆಯ ಮನೆಯಲ್ಲಿ ಆಗ ಇದ್ದದ್ದು ಒಂದೇ ಸೀಮೆಹಸು. ಅದು ಅತ್ತೆಯ ಕೈಗೆ ಮಾತ್ರ ಹಾಲು ಇಳಿಸುತ್ತಿತ್ತು. ಮಾವ ಕೂತರೆ ಒದೆಯುತ್ತಿರಲಿಲ್ಲ, ಆದರೆ ಮೈ ಬಿಗಿದುಕೊಂಡು ನಿಂತುಬಿಡುತ್ತಿತ್ತು. ಅರ್ಧ ಹಾಲು ಕೆಚ್ಚಲಲ್ಲೇ ಉಳಿಯುತ್ತಿತ್ತು. ಹಾಗೆ ಉಳಿದರೆ ಕೆಚ್ಚಲು ಬಾವು ಬರುತ್ತದೆ ಎಂದು ಡೈರಿಯಲ್ಲಿ ಹೆದರಿಸಿದ್ದರು. ಅತ್ತೆಯೇ ಕರೆಯಬೇಕೆಂದರೆ ಕುಕ್ಕರಗಾಲಲ್ಲಿ ಕೂರಬೇಕು. ಹೇಗೋ ಕೂರುತ್ತಿದ್ದರು, ಏಳಲು ಆಗುತ್ತಿರಲಿಲ್ಲ. ಒಂದು ದಿನ ಏಳುವಾಗ ಕಂಬ ಹಿಡಿಯಲು ಹೋಗಿ ಬಕೆಟ್ಟಿನ ಹಾಲೆಲ್ಲ ಚೆಲ್ಲಿದ ಮೇಲೆ ಮಾವ ತೀರ್ಮಾನ ಮಾಡಿದರು. ಹಸು ಬನ್ನೂರಿನಲ್ಲಿರುವ ಅತ್ತೆಯ ತಮ್ಮನ ಮನೆಗೆ ಹೋಗುತ್ತದೆ. ಅಲ್ಲಿ ಹಾಲು ಕರೆಯುವ ಮೆಷಿನ್ನಿದೆ. ಗೌರಿ ಹಬ್ಬದ ಹಿಂದಿನ ಭಾನುವಾರ ಅವರು ಅಕ್ಕನಿಗೆ ಬಾಗಿನ ಕೊಡಲು ಹೇಗೂ ಬರುತ್ತಾರೆ. ಬರುವಾಗ ಗೂಡ್ಸ್ ಆಟೋ ತಂದರೆ ಹೋಗುವಾಗ ಹಸುವನ್ನು ಹತ್ತಿಸಿಕೊಂಡು ಹೋಗಬಹುದು.

"ಒಂದೇ ಬಾಡಿಗೇಲಿ ಎಲ್ಡ್ ಕೆಲ್ಸ" ಎಂದರು ಮಾವ.

"ಬಾಗ್ನ ಕೊಡೋಕ್ ಬಂದೋನು ಕೊಟ್ಗೆ ಬರಿದ್ ಮಾಡ್ಕೊಂಡ್ ಓಯ್ತಾನಾ? ಚೆಂದಾಗದೆ" ಎಂದರು ಅತ್ತೆ.

"ಬೇರೇರ್ಗೇನ್ ಕೊಡ್ತಿಲ್ವಲ್ಲ. ನಿನ್ ತಮ್ಮುನ್ ಮನೇಲೇ ಇರ್ತದೆ."

"ತಮ್ಮುನ್ ಮನೇಲಿ ನಾನಿರ್ತೀನಾ?"

ಈ ಮಾತು ನಡೆಯುವಾಗ ನಾನು ಅಲ್ಲೇ ಜಗಲಿಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಅತ್ತೆಗೂ ನನಗೂ ಜಗಳವಿರಲಿಲ್ಲ, ಮಾತೂ ಹೆಚ್ಚಿರಲಿಲ್ಲ. ನಾವು ಗಂಡಹೆಂಡತಿ ನಂಜನಗೂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅವರು ಶಿಫ್ಟಿನ ಕೆಲಸಕ್ಕೆ, ನಾನು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಲ್ಯಾಬಿಗೆ ಹೋಗುತ್ತಿದ್ದೆವು. ಹೆಮ್ಮಿಗೆಗೆ ಹೋಗುವುದು ಹಬ್ಬಕ್ಕೆ, ಕೆಲವು ಭಾನುವಾರ. ನಮಸ್ಕಾರ ಮಾಡುವಾಗ ಕಾಲು ಮುಟ್ಟಿದ್ದು ಬಿಟ್ಟರೆ ಅತ್ತೆಯನ್ನು ನಾನು ಮುಟ್ಟಿದ ನೆನಪಿಲ್ಲ. ನನ್ನ ಸ್ವಭಾವವೂ ಅಂಥದ್ದೇ, ಯಾರಾದರೂ ಹೆಗಲ ಮೇಲೆ ಕೈ ಹಾಕಿದರೆ ಒಂದು ಗಳಿಗೆ ಉಸಿರು ಹಿಡಿಯುವವಳು.

ಆಷಾಢದಲ್ಲಿ ಅತ್ತೆ ನಮ್ಮ ಮನೆಗೆ ಎರಡು ದಿನಕ್ಕೆಂದು ಬಂದಿದ್ದಾಗ ಬೆಳಿಗ್ಗೆ ಕಾಫಿ ಕೊಡಲು ಕೋಣೆಗೆ ಹೋದೆ. ಅವರು ಮಗ್ಗುಲು ಬದಲಿಸುತ್ತಿದ್ದರು. ಮಂಚದ ಅಂಚು ಹಿಡಿದು, ಮೊದಲು ಭುಜ ತಿರುಗಿಸಿ, ಸ್ವಲ್ಪ ಕಾದು, ಕಾಲನ್ನು ಕೈಯಿಂದಲೇ ಎತ್ತಿ ಈ ಕಡೆಗೆ ಇಟ್ಟರು. ಸೊಂಟ ನೋವಿರುವವರು ಹೀಗೆ ತಿರುಗುವುದನ್ನು ನಾನು ಕಂಡಿರಲಿಲ್ಲ.

"ಅತ್ತೆ, ಸರಿಯಾಗಿ ಎಲ್ಲಿ ನೋವು?"

ಅವರು ಬಾಗಿಲ ಕಡೆ ನೋಡಿದರು. ಮಗ ಡ್ಯೂಟಿಗೆ ಹೋಗಿದ್ದು ಖಾತ್ರಿಯಾದ ಮೇಲೆ ಕೈ ಹಿಂದಕ್ಕೆ ಒಯ್ದು ಒಂದೇ ಬೆರಳಿಟ್ಟು ತೋರಿಸಿದರು. "ಇಲ್ಲಿ ಕಣವ್ವ. ಯಾರ್ಗೂ ಏಳ್ಬ್ಯಾಡ."

ಯಾರಿಗೂ ಹೇಳದೆ ಹೇಗೆ? ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮಹಡಿಯ ಮೇಲೊಂದು ಕ್ಲಿನಿಕ್ಕಿತ್ತು. ಬೋರ್ಡಿನಲ್ಲಿ ಫಿಸಿಯೋಥೆರಪಿ ಎಂದೂ, ಅದರ ಕೆಳಗೆ ಕೈರೋಪ್ರಾಕ್ಟಿಕ್, ಅಂದರೆ ಮೂಳೆ ಕೀಲು ಒತ್ತಿ ಸಡಿಲಿಸುವ ಚಿಕಿತ್ಸೆ, ಎಂದೂ ಬರೆದಿತ್ತು. ಡಾಕ್ಟರು ಹೆಂಗಸು ಎಂಬ ಒಂದೇ ಕಾರಣಕ್ಕೆ ಅತ್ತೆ ಒಪ್ಪಿದರು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು.

ಡಾಕ್ಟರಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಮಾತು ಜೋರು, ಕೈ ಇನ್ನೂ ಜೋರು. ಅಂಗಾತ ಮಲಗಿಸಿ ಸೊಂಟದ ಎರಡೂ ಬದಿಯ ಎಲುಬುಗಳನ್ನು ಹೊರಕ್ಕೆ ಒತ್ತಿದರು, ಪಕ್ಕಕ್ಕೆ ಮಲಗಿಸಿ ಮೇಲಿನಿಂದ ಒತ್ತಿದರು, ಮಂಡಿ ಮಡಚಿ ತೊಡೆಯ ಮೂಲಕ ಕೆಳಕ್ಕೆ ಒತ್ತಿದರು. ಪ್ರತಿ ಸಲವೂ 'ಇದು ಅದೇ ನೋವಾ, ಬೇರೆಯಾ?' ಎಂದು ಕೇಳಿದರು. ಅತ್ತೆ 'ಅದೇ, ಅದೇ' ಎನ್ನುತ್ತಾ ಹೋದರು. ಆಮೇಲೆ ಡಾಕ್ಟರು ಮೂಲೆಯಲ್ಲಿದ್ದ ಕಸದ ಬುಟ್ಟಿ ತಂದು ಮುಂದಿಟ್ಟರು.

"ಹಾಲು ಹೆಂಗೆ ಕರೀತೀರಿ, ಕೂತು ತೋರ್ಸಿ ಅಮ್ಮ."

ಅತ್ತೆ ನನ್ನ ಮುಖ ನೋಡಿ, ನಕ್ಕು, ಕಸದ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಭಾರವೆಲ್ಲ ಎಡ ಹಿಮ್ಮಡಿಯ ಮೇಲೆ, ಬಲಮಂಡಿ ಬುಟ್ಟಿಗೆ ಆಸರೆ, ಮೈ ಬಲಕ್ಕೆ ತಿರುಚಿ. ಏಳುವಾಗ ನಾನು ಕೈ ಕೊಡಬೇಕಾಯಿತು.

ಬೆನ್ನುಮೂಳೆ ಕೆಳಗೆ ಬಂದು ಸೊಂಟದ ಎರಡು ದೊಡ್ಡ ಎಲುಬುಗಳ ಮಧ್ಯೆ ಕೂರುವ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕೀಲಿವೆ, ಅತ್ತೆಯ ನೋವು ಎಡಗಡೆಯ ಕೀಲಿನದು ಎಂದು ಡಾಕ್ಟರು ಹೇಳಿದರು. ಅದು ಮಂಡಿಯ ಹಾಗೆ ಮಡಚುವ ಕೀಲಲ್ಲ, ಸ್ವಲ್ಪವೇ ಸ್ವಲ್ಪ ಅಲುಗುತ್ತದೆ. ಅದು ಕೆರಳಿದೆ. ಸುತ್ತಲಿನ ಸ್ನಾಯುಗಳು ಅದನ್ನು ಕಾಯಲು ಹೋಗಿ ಹಗ್ಗದ ಹಾಗೆ ಬಿಗಿದುಕೊಂಡಿವೆ. ಎರಡು ಕೆಲಸ ಆಗಬೇಕು. ಕೀಲನ್ನು ಒತ್ತಿ ಸಡಿಲಿಸುವುದು ತನ್ನದು. ಸ್ನಾಯುಗಳನ್ನು ದಿನಾ ಎಳೆದು ಉದ್ದ ಮಾಡುವುದು ನಮ್ಮದು.

ಅತ್ತೆಯನ್ನು ಬಲಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿ ಮಡಚಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ ಎಂದರು. ಅತ್ತೆ ಕೊರಳಿನ ಲಿಂಗದ ಕರಡಿಗೆಯನ್ನು ಎಡ ಅಂಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಅದರ ಮೇಲೆ ಬಲಗೈ ಕಟ್ಟಿದರು. ಡಾಕ್ಟರು ಭುಜವನ್ನು ಒಂದು ಕಡೆಗೆ, ಸೊಂಟವನ್ನು ಇನ್ನೊಂದು ಕಡೆಗೆ ಹಗುರವಾಗಿ ತಿರುಗಿಸಿ ಹಿಡಿದು, ಉಸಿರು ಬಿಡಿ ಎಂದು, ಬಿಟ್ಟ ಕೂಡಲೇ ಒಮ್ಮೆ ಒತ್ತಿದರು. ಟಕ್ ಎಂದಿತು. ಅತ್ತೆ ಕಣ್ಣರಳಿಸಿ ಮಲಗಿದ್ದರು.

"ನಮ್ಮವ್ವ ದೃಷ್ಟಿ ತಗ್ದು ನೆಟಿಗೆ ಮುರುದ್ರೆ ಇಂಗೇ ಬತ್ತಿತ್ತು. ಎಲ್ಬು ಜಾಗುಕ್ ಕೂತ್ಕತಾ ತಾಯಿ?"

"ಎಲುಬು ಎಲ್ಲೂ ಹೋಗಿರ್ಲಿಲ್ಲಮ್ಮ, ಇದ್ದಲ್ಲೇ ಇತ್ತು. ನೆಟಿಗೇನೇ ಅಂದ್ಕೊಳ್ಳಿ. ಇವತ್ತು ಹಗುರ ಅನ್ಸುತ್ತೆ. ಆ ಸ್ನಾಯು ಎಳೀದೆ ಹೋದ್ರೆ ನಾಲ್ಕು ದಿನಕ್ಕೆ ಮತ್ತೆ ಬಿಗ್ಕೊಳ್ಳುತ್ತೆ. ಆಗ ನನ್ನ ಬಯ್ಯಬಾರ್ದು."

ಎಳೆಯುವ ವ್ಯಾಯಾಮಗಳನ್ನು ನನಗೆ ಕಲಿಸಿದರು. ಎಡ ಪಾದವನ್ನು ಬಲಮಂಡಿಯ ಮೇಲಿಟ್ಟು ಬಲ ತೊಡೆಯನ್ನು ಎದೆಯ ಕಡೆ ಎಳೆದುಕೊಳ್ಳುವುದೊಂದು, ಇದನ್ನು ಅತ್ತೆಯೇ ಮಾಡಬಲ್ಲರು. ಇನ್ನೊಂದಕ್ಕೆ ಜೊತೆಯವರು ಬೇಕು. ಅತ್ತೆ ಅಂಗಾತ ಮಲಗಬೇಕು. ನಾನು ಮಂಡಿಯೂರಿ ಅವರ ಕಾಲನ್ನು ನೇರವಾಗಿ ಎತ್ತಿ ಹಿಮ್ಮಡಿಯನ್ನು ನನ್ನ ಹೆಗಲ ಮೇಲೆ ಇರಿಸಿಕೊಳ್ಳಬೇಕು. ಅವರು ಹಿಮ್ಮಡಿಯಿಂದ ನನ್ನ ಹೆಗಲನ್ನು ಬಲವಾಗಿ ಕೆಳಕ್ಕೆ ಒತ್ತಬೇಕು, ನಾನು ಜಗ್ಗಬಾರದು. ಆಮೇಲೆ ಅವರು ಸಡಿಲ ಬಿಟ್ಟಾಗ ನಾನು ಕಾಲನ್ನು ಇನ್ನೊಂದು ಚೂರು ಮುಂದಕ್ಕೆ ಒಯ್ಯಬೇಕು. ಡಾಕ್ಟರು ತಮ್ಮ ಹೆಗಲ ಮೇಲೆ ಒಮ್ಮೆ ಮಾಡಿ ತೋರಿಸಿದರು. ಮುಗಿದ ಮೇಲೆ ಅತ್ತೆ ಅವರ ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಅಯ್ಯೋ ಪರ್ವಾಗಿಲ್ಲ ಬಿಡಿ" ಎಂದು ಡಾಕ್ಟರು ನಕ್ಕರು. ಗೌರಿ ಹಬ್ಬದ ಹೊತ್ತಿಗೆ ಹಾಲು ಕರೆಯಬಹುದಾ ಎಂದು ನಾನು ಕೇಳಿದೆ. ನೋಡೋಣ, ಈಗಲೇ ಮಾತು ಕೊಡುವುದಿಲ್ಲ ಎಂದರು.

ಎರಡು ದಿನಕ್ಕೆ ಬಂದವರು ಹೀಗೆ ನಮ್ಮಲ್ಲೇ ಉಳಿದರು. ಮಾವ ಊರಿನಲ್ಲಿ ಹಸುವಿನ ಜೊತೆ ಹೆಣಗಿದರು. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು.

"ಏನೂ ಬಿಡ್ತಿಲ್ಲ ಕಣೇ ಇದು. ತಗೋ, ನೀನೇ ಏಳು" ಎಂದು ವಿಡಿಯೋ ಕಾಲ್ ಮಾಡಿ ಫೋನನ್ನು ಹಸುವಿನ ಮುಖದ ಮುಂದೆ ಹಿಡಿಯುತ್ತಿದ್ದರು. ಪರದೆಯ ತುಂಬ ಒಂದು ಒದ್ದೆ ಮೂಗು.

"ಬುಡವ್ವ, ಬುಡು ನನ್ ತಾಯಿ, ಇನ್ನೆಲ್ಡ್ ದಿನ ಬತ್ತೀನಿ" ಎಂದು ಅತ್ತೆ ನಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು. ಹಸು ಕಿವಿ ನಿಮಿರಿಸುತ್ತಿತ್ತು. ಹಾಲು ಮಾತ್ರ ಇಳಿಸುತ್ತಿರಲಿಲ್ಲ.

"ನಿನ್ ಮಾತ್ಗೂ ಬೆಲೆ ಇಲ್ಲ ನೋಡು" ಎಂದು ಮಾವ ಛೇಡಿಸಿದರೆ, "ಮೂತಿ ಅತ್ರ ಫೋನ್ ಇಡ್ಕೊಂಡ್ರೆ ನೀವೇನ್ ಕೈಯಲ್ ಕರೀತೀರೋ ಬಾಯಲ್ ಕರೀತೀರೋ?" ಎಂದು ಅತ್ತೆ. ನಗುತ್ತಲೇ ಫೋನಿಡುತ್ತಿದ್ದರು. ಇಟ್ಟ ಮೇಲೆ ಅವರ ಬೆರಳುಗಳು ಮಡಿಲಲ್ಲಿ ಸುಮ್ಮನೆ ಮಡಚಿ ಬಿಚ್ಚುವುದನ್ನು ನಾನು ನೋಡುತ್ತಿದ್ದೆ.

ಬೆಳಿಗ್ಗೆ ಅವರ ಮಗ ಹೊರಟ ಮೇಲೆ ಕೋಣೆಯ ಚಿಲಕ ಹಾಕಿ ನಾವು ವ್ಯಾಯಾಮಕ್ಕೆ ತೊಡಗುತ್ತಿದ್ದೆವು. ಸೀರೆಯಲ್ಲಿ ಕಾಲೆತ್ತಲು ಆಗುವುದಿಲ್ಲ. ನನ್ನ ಹಳೆಯ ಪೈಜಾಮ ಹಾಕಿಕೊಳ್ಳಲು ಅವರನ್ನು ಒಪ್ಪಿಸುವುದಕ್ಕೇ ಒಂದು ಬೆಳಗು ಹೋಗಿತ್ತು. "ನಿಮ್ಮಾವ ನೋಡುದ್ರೆ ಬಿದ್ ಬಿದ್ ನಗ್ತಾರೆ" ಎನ್ನುತ್ತಾ ಮಂಚದ ಮೇಲೆ ಮಲಗುತ್ತಿದ್ದರು. ಮಂಡಿಯೂರಿ ಕಾಲು ಎತ್ತಿ ಹಿಮ್ಮಡಿಯನ್ನು ಹೆಗಲಿಗೆ ತರುವಾಗ ನಾನು ಸ್ವಲ್ಪ ಬಿಗಿಯಾಗುತ್ತಿದ್ದೆ. ಒರಟು ಹಿಮ್ಮಡಿ, ಅಂಚಿನಲ್ಲಿ ಬಿರುಕು. ನನ್ನ ಕುರ್ತಾದ ದಾರಕ್ಕೆ ಬಿರುಕು ಸಿಕ್ಕಿಕೊಳ್ಳುತ್ತಿತ್ತು.

"ಒತ್ತಿ ಅತ್ತೆ."

ಒತ್ತಿದರೋ ಇಲ್ಲವೋ ಎನ್ನುವ ಹಾಗೆ ಒತ್ತುತ್ತಿದ್ದರು.

"ಇನ್ನೂ ಜೋರಾಗಿ."

"ಜೋರಾಗೇ ಒತ್ತೀವ್ನಿ ಕಣವ್ವ."

ಪ್ರತಿ ಸಲ ಸಡಿಲ ಬಿಟ್ಟ ಕೂಡಲೇ ಅವರು ಮೊಣಕೈ ಊರಿ ಅರ್ಧ ಎದ್ದು, ಎಡಕ್ಕೆ ತಿರುಗಿ, ಕೈಚಾಚಿ ನನ್ನ ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಗಿದರೆ ನಾವೆಲ್ಲ ಮಾಡುವುದೇ ಅದು. ಹಾಗಾಗಿ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. 'ಬೇಡ ಅತ್ತೆ, ನನಗೇನೂ ಬೇಜಾರಿಲ್ಲ' ಎಂದು ಒಂದು ಸಲ ಹೇಳಿದ್ದೆ. "ನಿಂಗ್ ಇಲ್ದೆ ಇರ್ಬೋದು, ನಂಗದೆ. ಮನೇಗ್ ಬಂದ್ ಲಕ್ಷ್ಮಿ ಮ್ಯಾಲೆ ಕಾಲಾಕೋದು ಅಂದ್ರೆ ಆಟ್ವಾ?" ಎಂದಿದ್ದರು.

ಕ್ಲಿನಿಕ್ಕಿಗೆ ಹೋಗಿ ಬಂದ ದಿನ ಅತ್ತೆ ಹಗುರವಾಗಿರುತ್ತಿದ್ದರು. ಸಂಜೆ ಕಪಿಲೆಯ ಕಡೆಗೆ ನಡೆಯುತ್ತಿದ್ದೆವು. ಮೆಟ್ಟಿಲು ಇಳಿಯಬಾರದೆಂದು ಡಾಕ್ಟರು ಹೇಳಿದ್ದರಿಂದ ಮೇಲೇ ನಿಂತು ನೀರು ನೋಡಿ ಬರುತ್ತಿದ್ದೆವು. ಮಾರನೆಯ ದಿನವೂ ಪರವಾಗಿಲ್ಲ. ಅದರ ಮಾರನೆಯ ದಿನ ಮತ್ತೆ ಮಂಚದ ಅಂಚು ಹಿಡಿಯುತ್ತಿದ್ದರು. ವಾರಗಳು ಹೀಗೇ ಕಳೆದವು. ಶ್ರಾವಣ ಬಂತು. ಬನ್ನೂರಿನ ತಮ್ಮ ಫೋನ್ ಮಾಡಿ, ಗೂಡ್ಸ್ ಆಟೋದವನಿಗೆ ಹೇಳಿದ್ದೇನೆ ಎಂದರು. ಅತ್ತೆ 'ಸರಿ ಕಣ್ಲಾ' ಎಂದರು. ಆ ದಿನ ಹಸುವಿನ ವಿಡಿಯೋ ಕಾಲ್ ಬಂದಾಗ ಎದ್ದು ಬಚ್ಚಲಿಗೆ ಹೋಗಿಬಿಟ್ಟರು. ನಾನೇ ಫೋನು ಹಿಡಿದು, ಏನು ಮಾತಾಡಬೇಕೆಂದು ತಿಳಿಯದೆ, ಹಸುವಿನ ಮೂಗನ್ನು ನೋಡುತ್ತಾ ನಿಂತೆ.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿದರು. "ನಾನು ಸಡಿಲ ಮಾಡಿ ಕಳಿಸ್ತೀನಿ, ನೀವು ಬಿಗಿ ಮಾಡ್ಕೊಂಡು ಬರ್ತೀರಿ. ಮನೇಲಿ ಹೆಂಗೆ ಮಾಡ್ತೀರೋ ಇಲ್ಲಿ ಹಂಗೇ ಮಾಡಿ ತೋರ್ಸಿ."

ಮಾಡಿ ತೋರಿಸಿದೆವು. ಹಿಮ್ಮಡಿ ನನ್ನ ಹೆಗಲಿಗೆ ಬಂತು. ಅತ್ತೆ ಒತ್ತಿದ ಹಾಗೆ ಮಾಡಿದರು, ಬಿಟ್ಟರು, ಎದ್ದರು, ತಿರುಗಿದರು, ಮುಟ್ಟಿದರು, ಕಣ್ಣಿಗೊತ್ತಿಕೊಂಡರು, ಮಲಗಿದರು. ಎರಡನೆಯ ಸಲ ಏಳುವ ಹೊತ್ತಿಗೆ ಡಾಕ್ಟರು "ನಿಲ್ಸಿ ನಿಲ್ಸಿ" ಎಂದು ಕೂಗಿದರು.

"ಇದು ದಿನಾ ಮಾಡ್ತೀರಾ? ಪ್ರತಿ ಸಲಾನೂ?"

"ಇನ್ನೇನ್ ತಾಯಿ? ಕಾಲ್ ತಾಗ್ಸಿ ಸುಮ್ಕೆ ಇದ್ಬುಡದಾ?"

ಡಾಕ್ಟರು ಸ್ಟೂಲಿನ ಮೇಲೆ ಕೂತು ಬಾಯಿ ಮುಚ್ಚಿಕೊಂಡು ನಕ್ಕರು. ನಗು ಮುಗಿಸಿ, ಸಿಟ್ಟಿಲ್ಲದೆ ಹೇಳಿದರು. ಸ್ನಾಯು ಆಗಷ್ಟೇ ಸಡಿಲವಾಗಿರುವಾಗ ಮೈಯನ್ನು ಹಾಗೆ ಮೊಣಕೈ ಮೇಲೆ ಎತ್ತಿ ಎಡಕ್ಕೆ ತಿರುಚಿದರೆ, ಕೆರಳಿದ ಕೀಲು ಮತ್ತೆ ಕೆರಳುತ್ತದೆ. ಹಾಲು ಕರೆಯುವಾಗ ಆಗುತ್ತಿದ್ದ ತಿರುಚೇ ಇದು, ದಿಕ್ಕು ಮಾತ್ರ ಬೇರೆ. ಒತ್ತುವುದನ್ನೂ ಅತ್ತೆ ಒತ್ತುತ್ತಿಲ್ಲ. ಕೊನೆಗೆ ಒಂದು ಉದ್ದನೆಯ ಟವೆಲ್ ಕೊಟ್ಟು, ಪಾದಕ್ಕೆ ಹಾಕಿಕೊಂಡು ನೀವೇ ಎಳೆದುಕೊಳ್ಳಿ, ಸೊಸೆ ಬೇಡ ಎಂದರು.

ಟವೆಲ್ ಎರಡು ದಿನ ನಡೆಯಿತು. ಕಾಲಿಗಿಂತ ಹೆಚ್ಚಾಗಿ ಅತ್ತೆಯ ಕುತ್ತಿಗೆ, ತೋಳು ನೋಯತೊಡಗಿದವು. ಮಂಡಿ ಮಡಚಿಹೋಗುತ್ತಿತ್ತು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ನೋಡುವುದು ಸುಲಭವಾಗಿರಲಿಲ್ಲ. ಬನ್ನೂರಿನ ಆಟೋ ಬರುವ ಭಾನುವಾರ ಹತ್ತಿರವಾಗುತ್ತಿತ್ತು.

ಮೂರನೆಯ ಬೆಳಿಗ್ಗೆ ಅವರು ಟವೆಲನ್ನು ಮಡಚಿ ಪಕ್ಕಕ್ಕಿಟ್ಟರು. ಮಲಗಲಿಲ್ಲ. ಮಂಚದ ಮೇಲೆ ಕೂತು, ಬಾ ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಬೆಳಿಗ್ಗೆ ಎದ್ದು ಭೂಮ್ತಾಯಿ ಮ್ಯಾಲೆ ಕಾಲಿಕ್ಕೋಕ್ ಮುಂಚೆ ಏನ್ ಮಾಡ್ತೀವಿ?"

"ಮುಟ್ಟಿ ನಮಸ್ಕಾರ ಮಾಡ್ತೀವಿ."

"ಒಂದ್ಸಲ. ಆಮೇಕೆ ದಿನಾಪೂರ್ತಿ ತುಳುದ್ರೂ ಅವ್ಳು ಬೇಜಾರ್ ಮಾಡ್ಕೊಳಕಿಲ್ಲ. ಅಲ್ವಾ?"

ಎರಡೂ ಕೈ ಚಾಚಿ ನನ್ನ ಎರಡೂ ಹೆಗಲನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು, ಒಂದು ಕ್ಷಣ ಕಣ್ಣು ಮುಚ್ಚಿ ಏನೋ ಅಂದುಕೊಂಡರು. ಹಿರಿಯರು ನನಗೆ ಹಾಗೆ ಮಾಡಿದಾಗ ಏನು ಮಾಡಬೇಕೆಂಬುದು ನನಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಕೂತೆ.

"ಊಂ, ಇನ್ ಎಳಿ" ಎಂದು ಮಲಗಿದರು.

ಆ ದಿನ ಅವರು ಒತ್ತಿದ ರಭಸಕ್ಕೆ ನಾನು ಹಿಂದಕ್ಕೆ ವಾಲಿ ಮಂಚದ ಪಟ್ಟಿ ಹಿಡಿದುಕೊಂಡೆ. ಅಷ್ಟು ಬಲ ಆ ಕಾಲಲ್ಲಿ ಇತ್ತೆಂದು ನನಗೆ ತಿಳಿದಿರಲಿಲ್ಲ. "ತಿಂಡಿ ತಿಂದಿಲ್ವೇನವ್ವ?" ಎಂದು ಮಲಗಿದಲ್ಲಿಂದಲೇ ಕೇಳಿದರು. ಸಡಿಲ ಬಿಟ್ಟಾಗ ಕಾಲು, ನನ್ನ ಪ್ರಯತ್ನವೇ ಇಲ್ಲದೆ, ಮುಂದಕ್ಕೆ ಬಂತು. ಅವರು ಎದ್ದು ತಿರುಗಲಿಲ್ಲ. ಕೈಗಳೆರಡೂ ಎದೆಯ ಮೇಲೆ ಕರಡಿಗೆಯ ಹತ್ತಿರ ಸುಮ್ಮನಿದ್ದವು.

ಆಮೇಲಿನ ವಾರಗಳಲ್ಲಿ ಕ್ಲಿನಿಕ್ಕಿಗೆ ಹೋಗುವ ಅಂತರ ಹೆಚ್ಚುತ್ತಾ ಬಂತು. ನೋವು ಪೂರ್ತಿ ಹೋಯಿತೆಂದು ನಾನು ಬರೆದರೆ ಸುಳ್ಳಾಗುತ್ತದೆ. ಬಸ್ಸಿನ ಎತ್ತರದ ಮೆಟ್ಟಿಲಿಗೆ ಅವರು ಬಲಗಾಲನ್ನೇ ಮೊದಲು ಇಡುತ್ತಿದ್ದರು. ಆದರೆ ಮಗ್ಗುಲು ಬದಲಿಸಲು ಮಂಚದ ಅಂಚು ಬೇಕಾಗಲಿಲ್ಲ. ವ್ಯಾಯಾಮ ಮಾಡುವಾಗ ಅವರು ಮಾತಾಡತೊಡಗಿದರು, ನಾನೂ ಆಡಿದೆ. ಏನು ಆಡಿದೆವೆಂದು ಇಲ್ಲಿ ಬರೆಯುವುದಿಲ್ಲ. ಡಾಕ್ಟರು ಕುಕ್ಕರಗಾಲು ಬೇಡವೇ ಬೇಡ, ಗಿಡ್ಡ ಸ್ಟೂಲಿನ ಮೇಲೆ ಎರಡೂ ಪಾದ ಸಮವಾಗಿ ಊರಿ ಕೂತು ಕರೆಯಿರಿ, ಏಳುವಾಗ ಬಕೆಟ್ ಮೊದಲು ಪಕ್ಕಕ್ಕಿಡಿ, ತಿರುಗದೆ ನೇರ ಏಳಿ ಎಂದರು. ಕಸದ ಬುಟ್ಟಿ ಇಟ್ಟುಕೊಂಡು ಅದನ್ನೂ ಅಭ್ಯಾಸ ಮಾಡಿಸಿದರು.

ಆಟೋ ಬರಬೇಕಿದ್ದ ಭಾನುವಾರದ ಹಿಂದಿನ ದಿನ ನಾವು ಮೂವರೂ ಹೆಮ್ಮಿಗೆಗೆ ಹೋದೆವು. ಮಾವ ನಾವು ತಂದಿದ್ದ ಗಿಡ್ಡ ಸ್ಟೂಲನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರು ಮ್ಯಾಲ್ ಕೂತ್ರೆ ನಿನ್ ಅಸ ನಗ್ತದೆ" ಎಂದರು. ಮನಸ್ಸು ಬದಲಿಸಿದ ಹಾಗೆ ಕಾಣಲಿಲ್ಲ. ಇಷ್ಟು ದಿನ ಬೆಳಿಗ್ಗೆ ಸಂಜೆ ಹೆಣಗಿ ಅವರ ಮುಖವೂ ಸೊರಗಿತ್ತು. ಬನ್ನೂರಿಗೆ ಮಾತು ಕೊಟ್ಟಾಗಿದೆ, ಆಟೋ ಬರುತ್ತದೆ ಎಂದರು. ಅತ್ತೆ ವಾದಕ್ಕೆ ಹೋಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅತ್ತೆಯ ತಮ್ಮ ಬಂದರು. ಬಾಗಿನದ ಮೊರಗಳನ್ನು ಅಕ್ಕನ ಕೈಗಿತ್ತು ನಮಸ್ಕರಿಸಿದರು, ಊಟ ಮಾಡಿದರು. ಅಂಗಳದಲ್ಲಿ ಗೂಡ್ಸ್ ಆಟೋ ನಿಂತಿತ್ತು. ಹಸುವಿನ ಕಾಲು ಜಾರದಿರಲೆಂದು ಅದರ ತುಂಬ ಹುಲ್ಲು ಹರಡಿಕೊಂಡು ಬಂದಿದ್ದರು.

"ಒರ್ಡೋಣ್ವಾ ಭಾವ? ಮೋಡ ಆಗದೆ" ಎಂದು ಅವರು ಎದ್ದಾಗ ಹಾಲು ಕರೆಯುವ ಹೊತ್ತಾಗಿತ್ತು.

"ಆಲು ತುಂಬ್ಕೊಂಡಿರೋ ಅಸೀನ ಆಟೋ ಅತ್ತುಸ್ತೀಯೇನ್ಲಾ? ಕರ್ಕೊಡ್ತೀನಿ ತಡಿ" ಎಂದು ಅತ್ತೆ ಬಕೆಟ್ಟೂ ಸ್ಟೂಲೂ ತೆಗೆದುಕೊಂಡು ಕೊಟ್ಟಿಗೆಗೆ ಹೋದರು. ನಾವೆಲ್ಲ ಹಿಂದೆ ಹೋದೆವು.

ಹಸು ಸ್ಟೂಲನ್ನು ಮೂಸಿ ಹೆಜ್ಜೆ ಹಿಂದಿಟ್ಟಿತು. ಅತ್ತೆ ಅದರ ಬೆನ್ನು ಸವರುತ್ತಾ ಏನೋ ಗೊಣಗಿದರು. ಕೂತರು. ಎರಡೂ ಪಾದ ಸಮವಾಗಿ. ಕೆಚ್ಚಲಿಗೆ ನೀರು ಚಿಮುಕಿಸಿ, ಒರೆಸಿ, ಕೈ ಹಾಕಿದರು. ಸ್ವಲ್ಪ ಹೊತ್ತು ಬಕೆಟ್ಟಿನಲ್ಲಿ ಸದ್ದೇ ಇಲ್ಲ. ಮಾವ ಗಂಟಲು ಸರಿಮಾಡಿಕೊಂಡರು. ಆಮೇಲೆ ಚುರ್ ಎಂದು ಮೊದಲ ಧಾರೆ ತಳಕ್ಕೆ ಬಿತ್ತು, ಇನ್ನೊಂದು, ಮತ್ತೊಂದು. ಬಕೆಟ್ಟು ತುಂಬುತ್ತಾ ಬಂದ ಹಾಗೆ ಸದ್ದು ದಪ್ಪವಾಯಿತು, ನೊರೆ ಎದ್ದಿತು. ನಾನು ಹಾಲು ನೋಡಲಿಲ್ಲ. ಅತ್ತೆಯ ಎಡಮಂಡಿಯನ್ನೇ ನೋಡುತ್ತಿದ್ದೆ. ಕರೆಯುವುದು ಯಾವತ್ತೂ ಅವರಿಗೆ ಕಷ್ಟವಾಗಿರಲಿಲ್ಲ, ಏಳುವುದು ಕಷ್ಟವಾಗಿತ್ತು.

ಕರೆದು ಮುಗಿಸಿ ಬಕೆಟ್ಟನ್ನು ಪಕ್ಕಕ್ಕಿಟ್ಟರು. ಮಂಡಿಗಳ ಮೇಲೆ ಕೈ ಊರಿದರು. ಕಂಬ ಅವರ ಕೈಗೆ ಎಟುಕುವಷ್ಟು ಹತ್ತಿರವಿತ್ತು, ಮುಟ್ಟಲಿಲ್ಲ. ಎದ್ದರು. ನಿಂತು, ಕೆಳತುಟಿ ಕಚ್ಚಿಕೊಂಡು, ಒಂದು ಗಳಿಗೆ ಅಲ್ಲಾಡದೆ ಇದ್ದರು. ಆ ಗಳಿಗೆ ಏನೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ತುಟಿ ಬಿಟ್ಟರು. ನಾನೂ ಉಸಿರು ಬಿಟ್ಟೆ.

"ಅಕ್ಕೋ, ಎದ್ಬುಟ್ಟೆ!" ಎಂದರು ತಮ್ಮ.

ಮಾವ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ತಾವು ಕರೆಯುವುದರ ದುಪ್ಪಟ್ಟಿತ್ತು. ಅದನ್ನು ಎತ್ತಿಕೊಂಡು, "ಡೈರಿಗ್ ಓಗ್ ಬತ್ತೀನಿ. ಅಕ್ಕ ತಮ್ಮ ನೀವ್ನೀವೇ ಮಾತಾಡ್ಕಳಿ" ಎಂದು ಹೊರಟುಬಿಟ್ಟರು.

ಮಾತಾಡಲು ಹೆಚ್ಚೇನೂ ಇರಲಿಲ್ಲ. ತಮ್ಮ ತಲೆ ಕೆರೆದುಕೊಂಡು ಆಟೋ ಕಡೆ ನೋಡಿದರು. "ಬಾಡ್ಗೆ ಆಟೋ ಅಕ್ಕ. ಬರೀ ಗಾಡೀಲಿ ಓಗ್ಬೇಕಲ್ಲ."

"ಬರೀ ಗಾಡೀಲೇ ಓಗು. ಆ ಉಲ್ಲು ಇಳ್ಸ್ಬುಟ್ ಓಗು, ನನ್ ಅಸೀಗ್ ಆಯ್ತದೆ."

"ಉಲ್ಲೂ ನಿಂಗೇ ಬೇಕಾ?"

"ಅಸೀಗೇಂತ ತಂದಿದ್ದು ತಾನೆ? ಅಸ ಇಲ್ಲೇ ಅದೆ."

ತಮ್ಮ ನಗುತ್ತಾ, ಬೈಯುತ್ತಾ, ಹುಲ್ಲನ್ನು ತಬ್ಬು ತಬ್ಬಾಗಿ ಇಳಿಸಿ ಅಂಗಳದಲ್ಲಿ ಹಾಕತೊಡಗಿದರು. ಮಳೆಯ ನಾಲ್ಕು ಹನಿ ಬಿತ್ತು. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಎರಡೂ ಕಾಲ ಮೇಲೆ ಸಮನಾಗಿ ನಿಂತು ಕೂಗುತ್ತಿದ್ದರು, "ಅಲ್ಲಲ್ಲ ಕಣ್ಲಾ, ನೆನುದ್ ಓಯ್ತದೆ. ಒಳೀಕ್ ತಂದಾಕು."